ಹೊತ್ತ ಮನೆ, ಆಸರೆಯ ಜಗಲಿ

ಶಿವಮೊಗ್ಗದ ಆಲ್ಕೊಳ ದಾಟಿದರೆ ಸಾಗರದ ರಸ್ತೆ. ಆಯನೂರು, ಆನಂದಪುರ, ಸಾಗರ, ತಾಳಗುಪ್ಪ ಹಾದು ಘಟ್ಟ ಇಳಿದು ಹೊನ್ನಾವರದಲ್ಲಿ ಕಡಲು ಮುಟ್ಟುವ ಹೆದ್ದಾರಿಯ ತುಂಡು ಇದು. ಒಲೆ, ಹಾಸಿಗೆ, ನೀರಿನ ಕ್ಯಾನು ಎಲ್ಲವನ್ನೂ ವ್ಯಾನಿನೊಳಗೇ ಅಣಿಮಾಡಿಕೊಂಡು, ಇಂಥ ದಾರಿ ಹಿಡಿದು ಗಂಡ-ಹೆಂಡತಿ ದೇಶ ಸುತ್ತುವ ರೂಢಿ ಈಗ ನಮ್ಮವರಲ್ಲೂ ಬೇರೂರುತ್ತಿದೆ. ಅದರ ಜೊತೆಗೆ ಎರಡು ನಂಬಿಕೆಗಳೂ ಬೆಳೆದಿವೆ: ಇಂಥ ತಿರುಗಾಟ ಈ ಕಾಲದ್ದು ಎಂಬುದು ಒಂದು, ಮನೆಯನ್ನೇ ಜೊತೆಗೆ ಒಯ್ಯುವವನಿಗೆ ಯಾರ ಹಂಗೂ ಇಲ್ಲ ಎಂಬುದು ಇನ್ನೊಂದು. ಈ ದಾರಿಯ ಚರಿತ್ರೆ ಎರಡನ್ನೂ ಒಪ್ಪುವುದಿಲ್ಲ. ಎಷ್ಟೇ ಸಾಮಾನು ಹೊತ್ತು ಹೊರಟವನನ್ನೂ ಕೊನೆಗೆ ನಡೆಸಿದ್ದು ದಾರಿಯ ಊರುಗಳು. ಪ್ರಯಾಣದ ಚರಿತ್ರೆ ಎಂದರೆ ಗಾಡಿಯ ಚರಿತ್ರೆಗಿಂತ ಹೆಚ್ಚಾಗಿ ಆಸರೆಯ ಚರಿತ್ರೆ.

ಇದಕ್ಕೆ ನಮ್ಮಲ್ಲಿರುವ ಒಳ್ಳೆಯ ಸಾಕ್ಷಿ ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮಿನ ಸಿರಿವಂತ ಮನೆತನದ ಈತ 1614ರಲ್ಲಿ ವೆನಿಸ್ ಬಿಟ್ಟು ಪೂರ್ವದ ಕಡೆ ಹೊರಟ. ವ್ಯಾಪಾರಕ್ಕಲ್ಲ, ಧರ್ಮಪ್ರಚಾರಕ್ಕೂ ಅಲ್ಲ, ತೀರ್ಥಯಾತ್ರೆಗೆಂದು, ಲೋಕ ನೋಡಬೇಕೆಂದು. 1616ರಲ್ಲಿ ಬಾಗ್ದಾದಿನಲ್ಲಿ ಸಿತ್ತಿ ಮಆನಿ ಎಂಬ ಸಿರಿಯಾಕ್ ಕ್ರೈಸ್ತ ಯುವತಿಯನ್ನು ಮದುವೆಯಾದ. ಅಲ್ಲಿಂದ ಮುಂದೆ ಇಬ್ಬರದೂ ಒಂದೇ ಪ್ರಯಾಣ. ಪರ್ಷಿಯಾದ ದಾರಿಯೇ ಅವರ ಸಂಸಾರವಾಯಿತು. 1621ರ ಡಿಸೆಂಬರ್ ಕೊನೆಯಲ್ಲಿ ಹೊರ್ಮುಜ್‌ನ ಬಳಿಯ ಮಿನಾಬಿನಲ್ಲಿ ಆಕೆ ಜ್ವರದಿಂದ ತೀರಿಕೊಂಡಳು. ಪಿಯೆತ್ರೊ ಆಕೆಯನ್ನು ಅಲ್ಲಿ ಮಣ್ಣು ಮಾಡಲಿಲ್ಲ. ದೇಹ ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಸಾಮಾನುಗಳ ನಡುವೆ ಮರೆಮಾಡಿ, ಭಾರತಕ್ಕೆ ತಂದು, ಕೊನೆಗೆ ರೋಮಿಗೆ ಒಯ್ದು 1627ರಲ್ಲಿ ಸಂಸ್ಕಾರ ಮಾಡಿದ. ದೇಶ ಸುತ್ತಿದ ದಂಪತಿಗಳ ಕಥೆಗಳಲ್ಲಿ ಇದಕ್ಕಿಂತ ಭಾರವಾದದ್ದು ನನಗೆ ತಿಳಿಯದು.

ಹೀಗೆ ಬಂದವನು 1623ರ ಅಕ್ಟೋಬರ್‌ನಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರಕ್ಕೆ ಹಡಗು ಹತ್ತಿದ. ಗುರಿ ಇಕ್ಕೇರಿ, ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ. ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆ, ಅಲ್ಲಿಂದ ಕಾಡಿನ ನಡುವೆ ಘಟ್ಟ. ಆ ಹೊಳೆಯ ಚೆಲುವನ್ನು ಅವನು ಬಾಯ್ತುಂಬ ಹೊಗಳಿದ್ದಾನೆ. ಹಣವಿತ್ತು, ಆಳುಗಳಿದ್ದರು, ರಾಯಭಾರದ ಬಲವಿತ್ತು. ಆದರೂ ಘಟ್ಟದ ಮೇಲೆ ಹೊರೆ ಅಣಿಯಾಗುವವರೆಗೆ ಒಂದು ಊರಿನ ದೇವಸ್ಥಾನದ ಜಗಲಿಯಲ್ಲಿ ಕಾದು ಕೂರಬೇಕಾಯಿತು. ಅಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರವಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ಗುರು ಹತ್ತಿರ ಇರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದು ಸಾಧ್ಯವೇ ಇಲ್ಲ ಎಂದರಂತೆ. ಶಿಕ್ಷಣದ ಚರಿತ್ರೆ ಬರೆಯುವವರು ಈ ಪ್ರಸಂಗವನ್ನು ಹಲವು ಸಲ ಎತ್ತಿಕೊಂಡಿದ್ದಾರೆ. ಪ್ರಯಾಣದ ಚರಿತ್ರೆಗೆ ಮುಖ್ಯವಾದದ್ದು ಆ ಜಗಲಿ. ಮಕ್ಕಳಿಗೆ ಅದೇ ಶಾಲೆ, ದಾರಿಹೋಕರಿಗೆ ಅದೇ ತಂಗುದಾಣ. ಭಾಷೆ ಬಾರದ, ಜಾತಿ ತಿಳಿಯದ ಪರದೇಶಿ ಅಲ್ಲಿ ಕುಳಿತು ಮಕ್ಕಳನ್ನು ಮಾತಾಡಿಸಲು ಅಡ್ಡಿಯಾಗಲಿಲ್ಲ.

ಇಕ್ಕೇರಿಯಲ್ಲೂ ಅಷ್ಟೇ. ನವೆಂಬರ್ ತಿಂಗಳನ್ನು ಬಹುಮಟ್ಟಿಗೆ ಅಲ್ಲೇ ಕಳೆದ ಅವನು ಅಘೋರೇಶ್ವರ ದೇವಾಲಯವನ್ನೂ ರಾತ್ರಿಯ ಉತ್ಸವಗಳನ್ನೂ ಬೀದಿಯ ಕುಣಿತಗಳನ್ನೂ ಕಂಡು ತನ್ನ ಪತ್ರಗಳಲ್ಲಿ ಬರೆದ. ಗಂಡ ಸತ್ತು ಸಹಗಮನಕ್ಕೆ ಹೊರಟಿದ್ದ ತೆಲುಗು ಹೆಂಗಸೊಬ್ಬಳ ಮನೆಗೆ ಹೋಗಿ ಮಾತನಾಡಿದ. ಅವನ ಬರಹದಲ್ಲಿ ಅವಳು ಜಾಕಮ್ಮ, ನಮ್ಮ ಜಕ್ಕಮ್ಮನೇ ಇರಬೇಕು. ಗಂಡ ಡೋಲು ಬಾರಿಸುವವನು. ಸವತಿಯರಿಬ್ಬರು ಮಕ್ಕಳಿಗಾಗಿ ಬದುಕಲು ನಿರ್ಧರಿಸಿದ್ದರು. ಅವಳಿಗೂ ಎಳೆಯ ಮಕ್ಕಳಿದ್ದರು. ಬೇಡವೆಂದು ಅವನು ಹೇಳಿ ನೋಡಿದ, ಅವಳು ಒಪ್ಪಲಿಲ್ಲ. ನಿನ್ನ ಹೆಸರು ಉಳಿಯುವಂತೆ ಮಾಡುತ್ತೇನೆಂದು ಮಾತುಕೊಟ್ಟು ಬಂದ. ಸತ್ತ ಹೆಂಡತಿಯನ್ನು ಬಿಡಲಾರದವನು, ಸತ್ತ ಗಂಡನನ್ನು ಬಿಡಲಾರದವಳ ಎದುರು ಕುಳಿತಿದ್ದ. ಹೆಂಗಸರ ಮೇಲೆ ಆ ಪದ್ಧತಿ ಹೇರಿದ್ದ ಕ್ರೌರ್ಯವನ್ನು ಈ ಭೇಟಿಯ ಆರ್ದ್ರತೆ ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ತನ್ನ ಬದುಕಿನ ಕೊನೆಯ ದಿನಗಳಲ್ಲಿ ಆಕೆ ಅಪರಿಚಿತನೊಬ್ಬನಿಗೆ ಮಾತನಾಡಲು ಬಿಡುವು ಮಾಡಿಕೊಂಡಳು ಎಂಬುದರಿಂದಲೇ ಅವನ ಪತ್ರದ ಅತ್ಯುತ್ತಮ ಪುಟಗಳು ಹುಟ್ಟಿದವು.

ಅವನು ರಾಯಭಾರಿಯ ಜೊತೆಗಾರ, ಆದ್ದರಿಂದ ಉಪಚಾರ ಸಿಕ್ಕಿತು ಎನ್ನಬಹುದು. ಇಕ್ಕೇರಿಯ ಬಿಡಾರಕ್ಕೆ ಈ ಮಾತು ಸಲ್ಲುತ್ತದೆ, ಜಗಲಿಗೆ ಸಲ್ಲುವುದಿಲ್ಲ. ಅದನ್ನು ಯಾರೂ ರಾಯಭಾರಿಗೆಂದು ಕಟ್ಟಿರಲಿಲ್ಲ. ಡೇರೆ ಹೊತ್ತು ಬಂದವರ ಮಾತೇನು ಎಂದೂ ಕೇಳಬಹುದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಮದ್ರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಮರುವರ್ಷ ಇಕ್ಕೇರಿ, ನಗರ, ಶಿವಮೊಗ್ಗಗಳನ್ನು ಹಾದುಹೋದ. ಆದರೆ ಡೇರೆ ತಾನಾಗಿ ನಡೆಯುವುದಿಲ್ಲ. ಹೊರುವ ಆಳು, ಎತ್ತು, ಎತ್ತಿಗೆ ಹುಲ್ಲು, ದಾರಿ ತೋರುವವನು, ಬೆಳೆ-ಕಂದಾಯಗಳ ವಿವರ ಹೇಳುವ ಶಾನುಭೋಗ ಎಲ್ಲವೂ ಊರಿನಿಂದಲೇ ಬರಬೇಕು. ಮುಂದೆ ಸರ್ಕಾರ ಮುಸಾಫಿರ್ ಬಂಗಲೆಗಳನ್ನು ಕಟ್ಟಿತು. ಜೋಗದಲ್ಲಂತೂ ಕಣಿವೆಯ ಈಚೆ ಮೈಸೂರಿನ ಬಂಗಲೆ, ಆಚೆ ಬೊಂಬಾಯಿಯ ಬಂಗಲೆ ಎದುರುಬದುರು ನಿಂತವು. 1899ರಲ್ಲಿ ಬೀರೂರಿನಿಂದ ರೈಲು ಶಿವಮೊಗ್ಗಕ್ಕೆ ಬಂದ ಮೇಲೂ ಮುಂದಿನ ಹಾದಿ ಎತ್ತಿನ ಗಾಡಿಯದೇ ಆಗಿತ್ತು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಜಾತಿಯದು. ಜಗಲಿ, ಛತ್ರ, ಮಠ ಎಲ್ಲರಿಗೂ ತೆರೆದಿದ್ದವೇ? ಇರಲಿಲ್ಲ. ಛತ್ರದ ಪಂಕ್ತಿಯಲ್ಲಿ ಭೇದವಿತ್ತು, ಊರಿನ ಬಾವಿಯಲ್ಲಿ ಭೇದವಿತ್ತು, ದಲಿತ ಪ್ರಯಾಣಿಕನಿಗೆ ಮರದ ನೆರಳೇ ಗತಿ. ಕಮಾನು ಗಾಡಿಯಲ್ಲಿ ಅಕ್ಕಿ, ಪಾತ್ರೆ, ಹಾಸಿಗೆಯ ಸುರುಳಿ ತುಂಬಿಕೊಂಡು ಹೆಂಗಸರು-ಮಕ್ಕಳೊಂದಿಗೆ ಜಾತ್ರೆಗೋ ತವರಿಗೋ ಹೊರಟ ಮನೆಗಳ ಅಡುಗೆಯ ಗಂಟಿನಲ್ಲೂ ಮಡಿಯ ಪಾಲು ಸಾಕಷ್ಟಿತ್ತು. ಹೀಗಾಗಿ ಹಳೆಯ ಆತಿಥ್ಯವನ್ನು ಹಾಡಿ ಹೊಗಳುವವರ ಜೊತೆ ನಾನು ನಿಲ್ಲಲಾರೆ. ಆದರೆ ಈ ಆಕ್ಷೇಪ ವಾದವನ್ನು ಮುರಿಯುವುದಿಲ್ಲ, ಇನ್ನಷ್ಟು ಹರಿತ ಮಾಡುತ್ತದೆ. ಆಸರೆ ಸಿಕ್ಕವನು ಪ್ರಯಾಣಿಕನಾದ. ಸಿಗದವನು ಗಾಡಿ ಹೊಡೆದ, ಹೊರೆ ಹೊತ್ತ, ಅದೇ ದಾರಿಯನ್ನು ಎಷ್ಟೋ ಸಲ ನಡೆದರೂ ಪ್ರವಾಸಿಯೆಂದು ಯಾವ ಪುಸ್ತಕದಲ್ಲೂ ದಾಖಲಾಗಲಿಲ್ಲ. ಪಿಯೆತ್ರೊನ ಸಾಮಾನು ಹೊತ್ತು ಘಟ್ಟ ಹತ್ತಿದವರೂ ಅದೇ ಚಡಾವು ಹತ್ತಿದವರೇ. ಮಲೆನಾಡಿನ ಪ್ರಯಾಣದ ಚರಿತ್ರೆ ಬರೆಯುವವರು ಪರದೇಶಿಗಳ ಪತ್ರಗಳನ್ನಷ್ಟೇ ನೆಚ್ಚಿದರೆ ಸಾಲದು. ಛತ್ರ-ಮಠಗಳಿಗೆ ಉಂಬಳಿ ಬಿಟ್ಟ ಶಾಸನಗಳನ್ನೂ ಕಡತಗಳನ್ನೂ ಓದಬೇಕು, ಯಾರಿಗೆ ಅನ್ನ, ಯಾರಿಗೆ ಬರಿ ನೆರಳು ಎಂಬುದನ್ನು ಅವುಗಳ ಸಾಲುಗಳಲ್ಲಿ ಹುಡುಕಬೇಕು.