ಹೂಗಳಿಗೆ ಹೆಸರು ಹುಡುಕಿದಾಕೆ

ಕೆನಡಾ ದೇಶದ ಸಾಹಿತ್ಯಚರಿತ್ರೆಯನ್ನು ತೆರೆದರೆ ಮೊದಮೊದಲ ಪುಟಗಳಲ್ಲೇ ಕ್ಯಾಥರೀನ್ ಪಾರ್ ಟ್ರೇಲ್ ಎಂಬಾಕೆ ಎದುರಾಗುತ್ತಾಳೆ. ಹುಟ್ಟಿದ್ದು 1802ರಲ್ಲಿ, ಇಂಗ್ಲೆಂಡಿನಲ್ಲಿ. ಬರವಣಿಗೆ ಮನೆತನಕ್ಕೇ ಒಲಿದಿತ್ತು. ಅಕ್ಕ ಆಗ್ನೆಸ್ ಸ್ಟ್ರಿಕ್‌ಲೆಂಡ್ ಇಂಗ್ಲೆಂಡಿನ ರಾಣಿಯರ ಚರಿತ್ರೆಗಳಿಂದ ಹೆಸರಾದವಳು, ತಂಗಿ ಸುಸಾನಾ ಮೂಡಿಯೂ ಲೇಖಕಿಯೇ. 1832ರಲ್ಲಿ ನಿವೃತ್ತ ಸೈನ್ಯಾಧಿಕಾರಿ ಥಾಮಸ್ ಟ್ರೇಲನ ಕೈಹಿಡಿದ ಈಕೆ ಆ ವರ್ಷವೇ ಹಡಗು ಹತ್ತಿದಳು. ಮಾಂಟ್ರಿಯಲ್‌ನಲ್ಲಿ ಕಾಲರಾ ತಗುಲಿ ಬದುಕುಳಿದು, ಒಟೊನಬೀ ನದಿಯ ಬಳಿಯ ದಟ್ಟಡವಿಯನ್ನು ಸೇರಿದಳು.

ಅಲ್ಲಿಗೆ ಬಂದ ಬಿಳಿಯರಿಗೆ ಮರವೆಂದರೆ ಕಡಿದು ಸುಡಬೇಕಾದ ಶತ್ರು. ಈಕೆಯ ಕಣ್ಣು ಮಾತ್ರ ಮರದ ಬುಡದ ಹೂಗಳ ಮೇಲೆ. ಹೆಸರು ಹುಡುಕೋಣವೆಂದರೆ ದೊರೆತದ್ದು ಸ್ನೇಹಿತೆಯೊಬ್ಬಳು ಎರವಲು ಕೊಟ್ಟ ಪುರ್ಷ್ ಎಂಬ ವಿದ್ವಾಂಸನ ಸಸ್ಯಗ್ರಂಥ, ಅದೋ ಲ್ಯಾಟಿನ್! ಹೆಸರಿಲ್ಲದ ಹೂವಿಗೆ ಹೆಸರಿಡುವ ಹಕ್ಕು ತನಗಿದೆಯೆಂದು 1836ರ ತನ್ನ ಕೃತಿಯಲ್ಲಿ ಸಲಿಗೆಯಿಂದ ಬರೆದಳು. ಭಾಷೆಯ ಮೇಷ್ಟ್ರಾದ ನನಗೆ ಈ ಮಾತು ಚೆಲುವೆನಿಸಿದರೂ ಪೂರ್ತಿ ಒಪ್ಪಿಗೆಯಿಲ್ಲ. ಆ ಹೂಗಳು ಅನಾಮಿಕವಾಗಿರಲಿಲ್ಲ. ಅಲ್ಲಿಯ ಮೂಲನಿವಾಸಿಗಳಾದ ಅನಿಷಿನಾಬೆ ಜನರ ಬಾಯಲ್ಲಿ ಅವಕ್ಕೆ ಹೆಸರಿತ್ತು. ಆಕೆಯೂ ಇದನ್ನು ಕಾಣದೆ ಹೋಗಲಿಲ್ಲ. ಬೇರು, ಬಣ್ಣ, ಔಷಧಿಗಳ ಸಂಗತಿಗಳನ್ನು ಆ ಹೆಂಗಸರಿಂದಲೇ ತಿಳಿದು ಬರೆದಿಟ್ಟಳು.

ವಲಸೆ ಬರುವ ಗೃಹಿಣಿಯರಿಗಾಗಿ 1854ರಲ್ಲಿ ಕೈಪಿಡಿಯೊಂದನ್ನು ಬರೆದಳು. ಹಿಟ್ಟಿನ ಹುದುಗು, ಮೇಪಲ್ ಮರದ ಸಕ್ಕರೆ, ಎಲ್ಲವೂ ಅದರಲ್ಲಿವೆ. ಆದರೆ ಲೇಖನಿಯಿಂದ ಸಂಸಾರದ ಬಡತನ ನೀಗಲಿಲ್ಲ. 1857ರಲ್ಲಿ ಮನೆ ಬೆಂಕಿಗೆ ಆಹುತಿಯಾಯಿತು. ಉಳಿದವುಗಳಲ್ಲಿ ಸಸ್ಯಗಳ ಟಿಪ್ಪಣಿಗಳೂ ಇದ್ದವು. ಎರಡು ವರ್ಷಕ್ಕೆ ಗಂಡನೂ ತೀರಿಕೊಂಡ.

ಆ ಟಿಪ್ಪಣಿಗಳನ್ನು ಅಚ್ಚಿಗೆ ತಂದವಳು ಸುಸಾನಾಳ ಮಗಳು ಆಗ್ನೆಸ್ ಫಿಟ್ಸ್‌ಗಿಬ್ಬನ್. ಅವಳೂ ವಿಧವೆ. ಕಲ್ಲಚ್ಚಿನ ವಿದ್ಯೆಯನ್ನು ತಾನೇ ಕಲಿತು ಹತ್ತು ಚಿತ್ರಗಳನ್ನು ಸಿದ್ಧಪಡಿಸಿದಳು. ಐನೂರು ಪ್ರತಿಗಳಿಗೆ ಮುಂಗಡ ಚಂದಾದಾರರನ್ನೂ ಕೂಡಿಸಿದಳು. ಅಂದರೆ ಐದು ಸಾವಿರ ಹಾಳೆಗಳು! ಅಷ್ಟಕ್ಕೂ ಹೆಣ್ಣುಮಕ್ಕಳ ನೆರವಿನಿಂದ ಕೈಯಲ್ಲೇ ಬಣ್ಣ ತುಂಬಿದಳು. 1868ರಲ್ಲಿ 'ಕೆನೇಡಿಯನ್ ವೈಲ್ಡ್ ಫ್ಲವರ್ಸ್' ಹೊರಬಂದದ್ದು ಹೀಗೆ. ಇಬ್ಬರು ವಿಧವೆಯರ ಹೊಟ್ಟೆಪಾಡಿನ ಸಾಹಸವೊಂದು ಒಂದು ದೇಶದ ಸಸ್ಯಸಾಹಿತ್ಯಕ್ಕೆ ನಾಂದಿಯಾದದ್ದು ನನಗೆ ಇಂದಿಗೂ ಸೋಜಿಗ.

ದೊಡ್ಡ ಗ್ರಂಥ 'ಸ್ಟಡೀಸ್ ಆಫ್ ಪ್ಲಾಂಟ್ ಲೈಫ್ ಇನ್ ಕೆನಡಾ' ಬಂದಾಗ, 1885ರಲ್ಲಿ, ಮುದುಕಿಗೆ ಎಂಬತ್ತಮೂರು. ಅಷ್ಟರಲ್ಲಿ ಕಾಡು ಕರಗಿತ್ತು. ನೆರಳಿಲ್ಲದೆ ಬದುಕದ ಹೂಗಳು ಕೊಡಲಿಯ ಹಿಂದೆಯೇ ಕಣ್ಮರೆಯಾಗುತ್ತಿದ್ದುದನ್ನು ಆಕೆ ಕಂಡಿದ್ದಳು. ಆ ಕೊಡಲಿಗಳಲ್ಲಿ ತನ್ನ ಗಂಡನದೂ ಒಂದು. ತೊಂಬತ್ತೆರಡರಲ್ಲಿ ಇನ್ನೊಂದು ಪುಸ್ತಕ ತಂದು, 1899ರ ಆಗಸ್ಟಿನಲ್ಲಿ ಲೇಕ್‌ಫೀಲ್ಡಿನಲ್ಲಿ ಕಣ್ಣುಮುಚ್ಚಿದಳು.