ಪೇಟೆಂಟ್: ಅರ್ಜಿ ಮೊದಲು, ಪ್ರದರ್ಶನ ಆಮೇಲೆ

ಭಾರತದಲ್ಲಿ ಪೇಟೆಂಟ್‌ಗೆ ಮೊದಲ ಅರ್ಜಿ ಹಾಕಿದವರು ಕಲ್ಕತ್ತದ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್. 1856ರ ಮಾರ್ಚ್ 3ರ ಆ ಅರ್ಜಿ ಪಂಖಾ ಎಳೆಯುವ ಯಂತ್ರದ್ದು. ಸಾಹೇಬರ ನೆತ್ತಿಯ ಮೇಲೆ ತೂಗುವ ಬೀಸಣಿಗೆಯನ್ನು ಆಳು ಕೂತು ಹಗ್ಗದಿಂದ ಜಗ್ಗುತ್ತಿದ್ದ ಕಾಲವದು. ಅರ್ಜಿಗೆ ಆಧಾರವಾದ ಕಾನೂನೇ ಮರುವರ್ಷ ರದ್ದಾಯಿತು. ಅದಕ್ಕೆ ಬ್ರಿಟಿಷ್ ರಾಣಿಯ ಪೂರ್ವಾನುಮತಿ ಪಡೆದಿರಲಿಲ್ಲವಂತೆ! 1859ರಲ್ಲಿ ಹೊಸ ಕಾನೂನು ಬಂತು, 1911ರಲ್ಲಿ ಇನ್ನೊಂದು.

ನಿಜವಾದ ತಿರುವು ಸ್ವಾತಂತ್ರ್ಯಾನಂತರದ್ದು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿಯ ಬುನಾದಿಯ ಮೇಲೆ 1970ರ ಪೇಟೆಂಟ್ ಕಾಯ್ದೆ ರೂಪುಗೊಂಡು, 1972ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಔಷಧಕ್ಕೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಎಂದಿತು ಕಾಯ್ದೆ. ಅದೇ ಗುಳಿಗೆಯನ್ನು ಬೇರೆ ದಾರಿಯಲ್ಲಿ ತಯಾರಿಸಿದರೆ ಯಾರ ಅಡ್ಡಿಯೂ ಇಲ್ಲ. ನಮ್ಮ ಔಷಧ ಉದ್ಯಮ ಬೆಳೆದದ್ದು ಈ ನೆಲದಲ್ಲೇ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಿಂದಾಗಿ 2005ರಿಂದ ಔಷಧಕ್ಕೂ ಪೇಟೆಂಟ್ ಕೊಡಬೇಕಾಯಿತು. ಆದರೂ ಹಳೆಯ ಔಷಧದ ರೂಪವನ್ನು ತುಸು ಬದಲಿಸಿ ಹೊಸದೆನ್ನುವಂತಿಲ್ಲ ಎಂಬ ಮಾತು ಆಗಲೇ ಕಾಯ್ದೆಯ 3(ಡಿ) ಕಲಂಗೆ ಸೇರಿತು. ನೊವಾರ್ಟಿಸ್ ಕಂಪನಿ ತನ್ನ ಕ್ಯಾನ್ಸರ್ ಔಷಧ ಗ್ಲಿವೆಕ್‌ಗಾಗಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2013ರಲ್ಲಿ ಸೋತದ್ದು ಇದೇ ಕಲಂನಿಂದ. ಕಾಯ್ದೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗವಿದು.

ಅರಿಶಿನದ ಪ್ರಕರಣ ಇನ್ನೊಂದು ಪಾಠ ಕಲಿಸಿತು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟಿತು. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದುಮಾಡಿಸಿತು. ಅಜ್ಜಿಗೆ ಗೊತ್ತಿದ್ದದ್ದು ಬರಹದಲ್ಲಿಲ್ಲದಿದ್ದರೆ ವಾದಕ್ಕೆ ಬಲವಿಲ್ಲ.

ಇಂದು ಒಬ್ಬ ರೈತ ಅಡಿಕೆ ಸುಲಿಯುವ ಹೊಸ ಯಂತ್ರ ಕಟ್ಟಿದ್ದಾನೆ ಎನ್ನೋಣ. ಪೇಟೆಂಟ್ ಸಿಗಲು ಅದು ಹೊಸದಾಗಿರಬೇಕು, ಆ ವಿದ್ಯೆ ಬಲ್ಲವರಿಗೂ ಸುಲಭವಾಗಿ ಹೊಳೆಯದಂತಿರಬೇಕು, ಉಪಯೋಗಕ್ಕೆ ಬರಬೇಕು. ಕೆಲಸ ಅರ್ಧದಲ್ಲಿದ್ದರೂ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಳ್ಳಬಹುದು. ಪೂರ್ಣ ವಿವರಣೆಗೆ 12 ತಿಂಗಳ ಅವಕಾಶ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ. ಆನ್‌ಲೈನ್‌ನಲ್ಲಿ ವ್ಯಕ್ತಿಯೊಬ್ಬರು ಸಲ್ಲಿಸಿದರೆ ಮೂಲ ಶುಲ್ಕ 1,600 ರೂಪಾಯಿ. ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ. ಪರೀಕ್ಷೆಗೆ ಬೇರೆಯೇ ಕೋರಿಕೆ ಸಲ್ಲಿಸಬೇಕು. 2024ರ ನಿಯಮ ಅದರ ಗಡುವನ್ನು 48 ತಿಂಗಳಿಂದ 31ಕ್ಕೆ ಇಳಿಸಿದೆ. ಸಿಕ್ಕ ಪೇಟೆಂಟ್‌ನ ಆಯಸ್ಸು ಅರ್ಜಿಯ ದಿನದಿಂದ 20 ವರ್ಷ, ಅದೂ ನವೀಕರಣ ಶುಲ್ಕ ಕಟ್ಟುತ್ತಿದ್ದರೆ.

ಜೀವಾಳವಿರುವುದು ಕ್ಲೇಮುಗಳಲ್ಲಿ, ಅಂದರೆ ಯಾವುದು ತನ್ನದೆಂದು ಸಂಶೋಧಕ ಹೇಳಿಕೊಳ್ಳುವ ಸಾಲುಗಳಲ್ಲಿ. ‘ರಬ್ಬರ್ ರೋಲರ್’ ಎಂದಷ್ಟೇ ಬರೆದರೆ, ನೈಲಾನ್ ರೋಲರ್ ಹಾಕಿದ ಪಕ್ಕದೂರಿನವನು ಪಾರಾಗಬಹುದು. ವಿಪರೀತ ಹಿಗ್ಗಿಸಿ ಬರೆದರೆ ‘ಇದು ಹಳೆಯದೇ’ ಎಂಬ ಆಕ್ಷೇಪಕ್ಕೆ ಸಿಕ್ಕಿಬೀಳುತ್ತದೆ. ಕೈಯಲ್ಲಿ ದುಡ್ಡಿದ್ದರೆ ಅದನ್ನು ಒಳ್ಳೆಯ ಪೇಟೆಂಟ್ ಏಜೆಂಟರಿಂದ ಈ ಸಾಲುಗಳನ್ನು ಬರೆಸಲು ಖರ್ಚು ಮಾಡುವುದೇ ಜಾಣತನ.

ಅದಕ್ಕೂ ಮೊದಲು ಒಂದು ಮಾತು: ಕೃಷಿಮೇಳದಲ್ಲಿ ಯಂತ್ರ ಓಡಿಸಿ ತೋರಿಸುವ, ಯೂಟ್ಯೂಬ್‌ಗೆ ವಿಡಿಯೊ ಏರಿಸುವ ಮುನ್ನ ಅರ್ಜಿ ಹಾಕಿ. ಮೊದಲೇ ಎಲ್ಲರಿಗೂ ತೋರಿಸಿದ್ದು ‘ಹೊಸದು’ ಎನಿಸುವುದಿಲ್ಲ. ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಂಥ ಕೆಲವಕ್ಕೆ 12 ತಿಂಗಳ ವಿನಾಯಿತಿ ಇದೆ, ನಿಮ್ಮ ವಿಡಿಯೊಗೆ ಇಲ್ಲ.