ಮೂರು ತುಂಬದ ಕೂಸು ಯಾವ ಪಠ್ಯದಲ್ಲಿದೆ?

ಯಾದಗಿರಿ, ಶಹಾಪುರ, ಸುರಪುರಗಳ ಬಗ್ಗೆ ಬರೆಯುವವರು ಮೊದಲು ಎತ್ತಿಕೊಳ್ಳುವುದು ಅಂಕಿಗಳನ್ನೇ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಐದು ವರ್ಷದೊಳಗಿನ ಮಕ್ಕಳು ರಾಜ್ಯದಲ್ಲಿ ಶೇ 35.4, ಈ ಜಿಲ್ಲೆಯಲ್ಲಿ ಅರ್ಧಕ್ಕೂ ಹೆಚ್ಚು. ಒಂದು ಅಂಕಿ ಅಕ್ಷರದ್ದು, ಇನ್ನೊಂದು ಮೈಯದ್ದು. ವರ್ಷ ತುಂಬಿದ ಕೂಸು ಎಷ್ಟು ಮಾತು ಅರ್ಥಮಾಡಿಕೊಳ್ಳುತ್ತದೆ, ಕರೆದರೆ ಹೊರಳುತ್ತದೆಯೇ, ಬೇಕಾದದ್ದನ್ನು ಬೆರಳಿಟ್ಟು ತೋರಿಸುತ್ತದೆಯೇ ಎಂಬುದು ಈ ಎರಡರಲ್ಲೂ ಸಿಗುವುದಿಲ್ಲ. ಶಿಶುವಿನ ಬೆಳವಣಿಗೆಯನ್ನು ನಾವು ಅಭ್ಯಾಸ ಮಾಡುತ್ತ ಬಂದ ರೀತಿಯಲ್ಲೇ ಇದರ ಕಾರಣವಿದೆ. ಮೂರು ವರ್ಷದ ಮೇಲಿನವರಿಗೆ ಶಾಲೆಯ ದಾರಿ ತೆರೆಯಿತು, ಅದಕ್ಕಿಂತ ಚಿಕ್ಕವರಿಗೆ ತೂಕದ ತಕ್ಕಡಿಯಷ್ಟೇ ಉಳಿಯಿತು. ಮಕ್ಕಳ ಪಾಲನೆ, ಕಲಿಕೆಯ ವೃತ್ತಿಗೆ ಬರುವವರ ಓದು ತೊಟ್ಟಿಲಿನಿಂದಲೇ ಶುರುವಾಗಬೇಕು, ಅದೂ ಈ ತಾಲ್ಲೂಕುಗಳಲ್ಲೇ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಶಿಶು ಬೆಳವಣಿಗೆಯ ಶಾಸ್ತ್ರ ಹುಟ್ಟಿದ್ದು ಮನೆಯೊಳಗಿನ ನೋಟದಿಂದ. ಚಾರ್ಲ್ಸ್ ಡಾರ್ವಿನ್ ತನ್ನ ಮಗನ ಬಗ್ಗೆ ಬರೆದಿಟ್ಟಿದ್ದ ಟಿಪ್ಪಣಿಗಳನ್ನು 1877ರಲ್ಲಿ ಪ್ರಕಟಿಸಿದ. ಮುಂದೆ ಜೀನ್ ಪಿಯಾಜೆ ತನ್ನ ಮೂವರು ಮಕ್ಕಳನ್ನು ಹತ್ತಿರದಿಂದ ಗಮನಿಸಿ ಶಿಶುವಿನ ಬುದ್ಧಿ ಬೆಳೆಯುವ ಕ್ರಮವನ್ನು ಕಟ್ಟಿಕೊಟ್ಟ. ಐದು ತಿಂಗಳ ಕೂಸಿನ ಮುಂದೆ ಗಿಲಕಿ ಆಡಿಸಿ ಅದರ ಮೇಲೆ ಬಟ್ಟೆ ಹೊದಿಸಿದರೆ, ಗಿಲಕಿ ಇಲ್ಲವೇ ಇಲ್ಲವೆಂಬಂತೆ ಕೂಸು ಬೇರೆ ಕಡೆ ನೋಡುತ್ತದೆ. ಒಂಬತ್ತು ತಿಂಗಳ ಹೊತ್ತಿಗೆ ಅದೇ ಕೂಸು ಬಟ್ಟೆ ಸರಿಸಿ ಹುಡುಕುತ್ತದೆ. ಕಣ್ಣಿಗೆ ಕಾಣದ್ದೂ ಇರುತ್ತದೆ ಎಂಬ ಅರಿವು ಈ ನಡುವೆ ಮೂಡಿರುತ್ತದೆ ಎಂಬುದು ಪಿಯಾಜೆಯ ವಿವರಣೆ. ಇದನ್ನು ಪರೀಕ್ಷಿಸಲು ಒಂದು ಗಿಲಕಿ, ಒಂದು ಕರವಸ್ತ್ರ ಸಾಕು. ಆದರೆ ಪಶ್ಚಿಮದ ಅಳತೆಗೋಲು ನಮ್ಮ ಮಕ್ಕಳಿಗೆ ಹೊಂದುತ್ತದೆಯೇ? ಬರೋಡಾದಲ್ಲಿ ಪ್ರಮೀಳಾ ಫಾಟಕ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಅಲ್ಲಿನ ಮಕ್ಕಳನ್ನು ಮೂವತ್ತು ತಿಂಗಳ ವಯಸ್ಸಿನವರೆಗೆ ಅಧ್ಯಯನ ಮಾಡಿದರು. ಅದರಿಂದ ಬಂದ ಭಾರತೀಯ ಮಾನಕದಲ್ಲಿ ಚಲನೆಗೆ 67, ಬುದ್ಧಿಗೆ 163 ಅಂಶಗಳಿವೆ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದ್ದೂ ಮುಖ್ಯ: ಆರೋಗ್ಯವಂತ ಕೂಸು ಒಂಟಿಯಾಗಿ ನಡೆಯುವುದು 8.2 ತಿಂಗಳಿಂದ 17.6 ತಿಂಗಳ ನಡುವೆ ಯಾವಾಗಲಾದರೂ ಆಗಬಹುದು. ಅಂತರ ಇಷ್ಟು ದೊಡ್ಡದಿರುವಾಗ ಒಂದು ತಾರೀಖು ಬಾಯಿಪಾಠ ಮಾಡಿದವರಿಗಿಂತ ನೋಡಲು ಕಲಿತವರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಸಂಸ್ಥೆಗಳು ಮಾತ್ರ ಬೇರೆ ದಾರಿ ಹಿಡಿದವು. 1920ರಲ್ಲಿ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ತೆರೆದ ಬಾಲಮಂದಿರ, ಆಮೇಲೆ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಬಡವರ ಅಂಗಳಕ್ಕೇ ಒಯ್ದ ಬಾಲವಾಡಿ, ಎಲ್ಲವೂ ದೊಡ್ಡ ಕೆಲಸಗಳೇ. ಆದರೆ ಅವುಗಳ ಗಮನ ನಡೆದು ಬರುವ ಮಗುವಿನ ಮೇಲಿತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಬಂದದ್ದು ತಿ. ನರಸೀಪುರಕ್ಕೆ. ಹುಟ್ಟಿನಿಂದ ಆರು ವರ್ಷದವರೆಗಿನ ಎಲ್ಲರೂ ಯೋಜನೆಯ ಕಾಗದದಲ್ಲಿದ್ದರು. ದಿನವೂ ಅಂಗನವಾಡಿಯಲ್ಲಿ ಕೂತವರು ಮೂರು ದಾಟಿದವರು. ಚಿಕ್ಕವರಿಗೆ ಸಿಕ್ಕಿದ್ದು ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ಲಸಿಕೆ, ತೂಕ. 2020ರ ಶಿಕ್ಷಣ ನೀತಿಯ ಹೊಸ ರಚನೆಯೂ ಮೂರರಿಂದಲೇ ಎಣಿಸುತ್ತದೆ. ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾಗ ಅಂಗನವಾಡಿ ಕಾರ್ಯಕರ್ತೆಯರು ವಿರೋಧಿಸಿದರು. ಆ ಜಗಳವೂ ಮೂರರ ಮೇಲಿನ ಮಕ್ಕಳನ್ನು ಕುರಿತೇ ಇತ್ತು. ಹುಟ್ಟಿನಿಂದ ಮೂರರವರೆಗೆ ಎಂದು ಕೇಂದ್ರ ಸರ್ಕಾರ ‘ನವಚೇತನ’ ಚೌಕಟ್ಟನ್ನು ಕೊಟ್ಟದ್ದು 2024ರಲ್ಲಿ. ಅದರಲ್ಲಿ 36 ತಿಂಗಳಿಗೆ 140 ಚಟುವಟಿಕೆಗಳಿವೆ. ಅದನ್ನು ಕಲಿಸಲು ಕಾರ್ಯಕರ್ತೆಗೆ ಗೊತ್ತುಮಾಡಿದ ತರಬೇತಿ ಮೂರು ದಿನದ್ದು, ಅಷ್ಟರಲ್ಲೇ ಮೂರರಿಂದ ಆರರ ಪಠ್ಯವೂ ಮುಗಿಯಬೇಕು. ಇದನ್ನು ವೃತ್ತಿಶಿಕ್ಷಣ ಎನ್ನಲಾಗದು.

ಅಜ್ಜಿಯಂದಿರು ಸಾಕಿದ ಮಕ್ಕಳು ದೊಡ್ಡವರಾಗಲಿಲ್ಲವೇ, ಇದಕ್ಕೊಂದು ಕೋರ್ಸು ಏಕೆ ಎಂಬ ಪ್ರಶ್ನೆ ಸಹಜ. ಎಣ್ಣೆ ತಿಕ್ಕುವುದು, ಜೋಗುಳ, ಕೂಸಿನ ತೊದಲಿಗೆ ತೊದಲಲ್ಲೇ ಉತ್ತರ ಕೊಡುವುದು ಎಲ್ಲವನ್ನೂ ಇಂದಿನ ಶಾಸ್ತ್ರ ಎತ್ತಿಹಿಡಿಯುತ್ತದೆ. ಆದರೆ ಗುಳೆ ಹೋದ ಕುಟುಂಬದ ಕೂಸು ಬೆಂಗಳೂರಿನ ಕಟ್ಟಡದ ಮರಳಗುಡ್ಡೆಯ ಪಕ್ಕದಲ್ಲಿದ್ದರೆ ಅಜ್ಜಿ ತಾಂಡಾದಲ್ಲೇ ಉಳಿದಿರುತ್ತಾಳೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಕೂಸನ್ನು ನೋಡಿಕೊಳ್ಳುವವಳು ಎಂಟು ವರ್ಷದ ಅಕ್ಕ. ಇನ್ನೊಂದು ಮಾತೂ ಇದೆ. ಎರಡು ವರ್ಷವಾದರೂ ಮಾತು ಬಾರದ ಕೂಸಿಗೆ ‘ಅವರಪ್ಪಗೂ ತಡಾಗೇ ಮಾತು ಬಂದಿತ್ತು ಬಿಡು’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ರೂಢಿ ಇರುವಲ್ಲಿ ಹುಟ್ಟು ಕಿವುಡುತನ ಹೆಚ್ಚು. ಆರನೇ ತಿಂಗಳಲ್ಲೇ ಸದ್ದಿನತ್ತ ತಿರುಗದ ಕೂಸನ್ನು ಗುರುತಿಸಬಲ್ಲವರು ಊರಲ್ಲಿದ್ದರೆ ಆ ಮಗುವಿಗೆ ಭಾಷೆ ದಕ್ಕುತ್ತದೆ. ತಾಯಿ ಕಾರ್ಡಿನಲ್ಲಿ ವಯಸ್ಸಿಗೆ ತಕ್ಕ ಬೆಳವಣಿಗೆಯ ಚಿತ್ರಗಳಿವೆ. ಓದಿ ತೋರಿಸುವವರಿಲ್ಲದೆ ಅವು ಹಾಗೇ ಉಳಿಯುತ್ತವೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹಸಿವಿನದು. ಅರ್ಧಕ್ಕೂ ಹೆಚ್ಚು ಮಕ್ಕಳು ಕುಳ್ಳಾಗಿರುವ ಜಿಲ್ಲೆಗೆ ಮೊದಲು ಮೊಟ್ಟೆ, ಹಾಲು ಬೇಕಲ್ಲವೇ? ಬೇಕು, ಅದರಲ್ಲಿ ಎರಡು ಮಾತಿಲ್ಲ. ಜಮೈಕಾದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ತಂಡ ಇಂಥದೇ 129 ಕುಂಠಿತ ಮಕ್ಕಳನ್ನು ಆರಿಸಿ ಕೆಲವರಿಗೆ ಪೌಷ್ಟಿಕ ಆಹಾರ, ಕೆಲವರಿಗೆ ವಾರಕ್ಕೊಂದು ಗಂಟೆಯ ಆಟದ ಭೇಟಿ, ಕೆಲವರಿಗೆ ಎರಡನ್ನೂ ಎರಡು ವರ್ಷ ಕೊಟ್ಟಿತು. ಮನೆಗೆ ಬರುತ್ತಿದ್ದವರು ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು, ಆಟಿಕೆಗಳು ಮನೆಯಲ್ಲೇ ಮಾಡಿದವು. ಆಹಾರವೊಂದನ್ನೇ ಪಡೆದವರ ಲಾಭ ಕಾಲ ಕಳೆದಂತೆ ಕರಗಿತು. ಆಟ ಸಿಕ್ಕವರು ಇಪ್ಪತ್ತು ವರ್ಷದ ನಂತರ ಆಟ ಸಿಗದವರಿಗಿಂತ ಶೇ 25ರಷ್ಟು ಹೆಚ್ಚು ಸಂಪಾದಿಸುತ್ತಿದ್ದರು. ಜಮೈಕಾ ಯಾದಗಿರಿಯಲ್ಲ, ಮಾದರಿಯೂ ಚಿಕ್ಕದು. ಆದರೂ ಊಟ ಮುಗಿದ ಮೇಲೆ ಆಟ ನೋಡೋಣ ಎಂಬ ವಾದ ಇದರ ಮುಂದೆ ನಿಲ್ಲದು.

ಓದಿದವರಿಗೆ ಕೆಲಸ ಎಲ್ಲಿದೆ ಎಂಬುದು ಉಳಿದ ಪ್ರಶ್ನೆ. ಅಂಗನವಾಡಿಯಲ್ಲಿ ಇಂದಿಗೂ ಸಂಬಳವಿಲ್ಲ, ಗೌರವಧನವಿದೆ; ಗ್ರಾಚ್ಯುಟಿಗೂ 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬರಬೇಕಾಯಿತು. ಆದರೆ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳಿಗೆ ಬೇಕಿರುವುದು ಇಂಥ ಕೈಗಳೇ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಎಲ್‌ಕೆಜಿಗೆ ತೋರಿದ ಮನಸ್ಸನ್ನು ಇಲ್ಲಿಯೂ ತೋರಲಿ. ಶಹಾಪುರ, ಸುರಪುರದ ಪದವಿ ಕಾಲೇಜುಗಳಲ್ಲಿ ಒಂದು ವರ್ಷದ ಡಿಪ್ಲೊಮಾ ತೆರೆದು, ಅರ್ಧ ಪಾಠವನ್ನು ಬಾಣಂತಿಯರ ಮನೆಗಳಲ್ಲಿ, ಕನ್ನಡ, ಲಂಬಾಣಿ, ಉರ್ದು, ತೆಲುಗು ಮಾತಾಡುವ ತಾಯಂದಿರ ಎದುರೇ ಮಾಡಲಿ. ಪಾಸಾದವರನ್ನು ಕೂಸಿನ ಮನೆಗಳಿಗೆ ಗೌರವಧನಕ್ಕಲ್ಲದೆ ಸಂಬಳಕ್ಕೆ ನೇಮಿಸಲಿ.